ಭಜಿ ಅಕ್ಕ ಶಾಲೆಗೆ ಬಂದ ದಿನ

ಹುಮನಾಬಾದ ಬಸ್ ಸ್ಟ್ಯಾಂಡಿನ ಎದುರು ಭಜಿ ಕರಿಯುತ್ತಿದ್ದ, ಕೂದಲು ನರೆತ ಹೆಂಗಸನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು. ಗಿರಾಕಿಗಳು ಅವಸರಪಟ್ಟರೆ ಎಣ್ಣೆ ಸೋರುವ ಜಾರಿ ಸೌಟು ಎತ್ತಿ, "ತಡೀರಿ, ಲಡಾಯಿ ಬಂದದೇನು?" ಎಂದು ಗದರುತ್ತಿದ್ದಳು.

ನಾನು ಊರ ಶಾಲೆಗೆ ಹೊಸ ಮಾಸ್ತರನಾಗಿ ಬಂದ ವರ್ಷ, ಮಕ್ಕಳ ದಿನಾಚರಣೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು, ಮಕ್ಕಳ ಹಕ್ಕುಗಳ ಬಗ್ಗೆ ತಾಸುಗಟ್ಟಲೆ ಗುಡುಗಿದೆ. ಮಕ್ಕಳು ತೂಕಡಿಸಿದರು. ಕಿವಿಗೊಟ್ಟು ಕೇಳಿದವಳು ಭಜಿ ಹಂಚಲು ಬಂದಿದ್ದ ಅಕ್ಕ ಒಬ್ಬಳೇ.

ಮರುದಿನ ಪಾಟಿ-ಬಳಪ ಹಿಡಿದು ನನ್ನ ಒಂದನೇ ತರಗತಿಯ ಬಾಗಿಲಲ್ಲಿ ನಿಂತಳು.

"ಮಾಸ್ತರ, ದೊಡ್ಡ ಲಡಾಯಿದಾಗ ನಮ್ಮಪ್ಪ ಫೌಜಿನ ಸಂಗಡ ಬರ್ಮಾಕ್ಕ ಹೋದವ ತಿರುಗಿ ಬರಲಿಲ್ಲ. ಅವ್ವ ನನಗ ಸಾಲಿ ಬಿಡಿಸಿ ಒಲಿ ಮುಂದ ಕೂಡಿಸಿದಳು. ನನ್ನ ಹಕ್ಕು ಇನ್ನಾ ಅದನೋ, ಹಳಸಿ ಹೋತೋ?"

ಮಕ್ಕಳ ಸಾಲಿನಲ್ಲಿ ಜಾಗ ಮಾಡಿಸಿ, "ಕೂಡ್ರಿ ಅಕ್ಕಾ" ಎಂದೆ. ಇವಳಿಗೆ ಅಕ್ಷರ ಕಲಿಸಿದ ಕೀರ್ತಿ ಬೀದರದವರೆಗೂ ಹಬ್ಬುವುದನ್ನು ಕಲ್ಪಿಸಿಕೊಳ್ಳುತ್ತ ಪಾಠ ಶುರುಮಾಡಿದೆ.

ಬಿಡುವಿನ ಗಂಟೆ ಬಾರಿಸಿದ್ದೇ ತಡ, ಅಕ್ಕ ಹುಡುಗಿಯರ ಹಿಂದೆ ಓಡಿದಳು. ಸೀರೆ ಎತ್ತಿ ಕಟ್ಟಿ ಕುಂಟೆಬಿಲ್ಲೆ ಆಡತೊಡಗಿದಳು. ಬಿಡುವು ಮುಗಿದು ಮಕ್ಕಳು ಒಳಬಂದರೂ ಅವಳು ಬರಲಿಲ್ಲ.

"ಅಕ್ಕಾ, ಪಾಠ ಅದ, ಬರ್ರಿ!" ಎಂದು ಕರೆದೆ.

"ಪಾಠ ಎಲ್ಲಿ ಓಡಿ ಹೋಗತದ ಮಾಸ್ತರ? ಅವ್ವ ಸಾಲಿ ಬಿಡಿಸಿದಾಗ ಆಟ ಅರ್ಧಕ್ಕ ಬಿಟ್ಟು ಹೋಗಿದ್ದೆ. ಅದು ಮುಗೀಲಿ!" ಎಂದು ಒಂಟಿಗಾಲಲ್ಲೇ ಕೂಗಿದಳು.

ಅದನ್ನು ಕೇಳಿ ತರಗತಿಯ ಮಕ್ಕಳೂ ಹೊರಗೆ ಓಡಿದರು. ಖಾಲಿ ತರಗತಿಯಲ್ಲಿ ಸ್ವಲ್ಪ ಹೊತ್ತು ಗಂಭೀರವಾಗಿ ನಿಂತಿದ್ದೆ. ಆಮೇಲೆ ಚಪ್ಪಲಿ ಕಳಚಿ ಅವರ ಸಾಲಿನ ಕೊನೆಗೆ ಸೇರಿಕೊಂಡೆ. ನನ್ನ ಪಾಳಿ ಬಂದಾಗ ಮೊದಲ ಮನೆಯಲ್ಲೇ ಗೆರೆ ತುಳಿದು ಔಟಾದೆ.