ಲಾಯದಕ್ಕ ಮಾತಾಡುವುದಿಲ್ಲ, ಕುದುರೆಗಳು ಕೇಳಿಸಿಕೊಳ್ಳುತ್ತವೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಯದ ತಗಡಿನ ಮಾಡಿನಡಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಮೈಮೇಲೆ ಗಂಡಸರ ಹಳೆಯ ಅಂಗಿ ತೊಟ್ಟ ಹೆಂಗಸೊಬ್ಬರು ಬೂದು ಬಣ್ಣದ ಕುದುರೆಯ ಹಿಂಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಗೊರಸಿನ ಸಂದಿಯಲ್ಲಿ ಸಿಕ್ಕಿಕೊಂಡ ಮಣ್ಣು, ಹುಲ್ಲು, ಸಣ್ಣ ಕಲ್ಲುಗಳನ್ನು ಕೊಕ್ಕೆಯಿಂದ ಕೆರೆದು ತೆಗೆಯುತ್ತಿದ್ದಾರೆ. ಕುದುರೆ ನೋಡಿಕೊಳ್ಳುವವರ ಬಾಯಿ ಈ ಕೆಲಸದ ಹೊತ್ತಿನಲ್ಲಿ ಸುಮ್ಮನಿರುವುದಿಲ್ಲ. ‘ಕಾಲು ಕೊಡೋ, ಆ ಕಡೆ ಸರಿಯೋ, ಏನೋ ನಿನ್ನ ಗತ್ತು’ ಎಂದು ಏನಾದರೊಂದು ಗೊಣಗುತ್ತಲೇ ಇರುತ್ತಾರೆ. ಇವರು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಬೆರಳನ್ನು ಕಾಲಿನುದ್ದಕ್ಕೂ ಇಳಿಸಿ ಕೆಳಗೆ ಮೆಲ್ಲಗೆ ಒತ್ತುತ್ತಾರೆ, ಕುದುರೆ ಕಾಲೆತ್ತಿ ಕೊಡುತ್ತದೆ.

ಬಂದವರಿಗೂ ಅದೇ ಕಟ್ಟಳೆ. ನಮಸ್ಕಾರ ಹೇಳಲು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಗದರಿಸಿ, ಗೋಡೆಯಾಚೆ ನೀರಿನ ಪಂಪಿನ ಹತ್ತಿರ ಕರೆದೊಯ್ಯುತ್ತಾರೆ.

“ಬೇಜಾರು ಮಾಡ್ಕೋಬೇಡಿ,” ಎನ್ನುತ್ತಾರೆ, ಅಲ್ಲಿಯೂ ಪಿಸುದನಿಯಲ್ಲೇ. “ಒಳಗಡೆ ನಾನು ಮಾತಾಡಲ್ಲ. ನನ್ನ ದನಿ ಕೇಳಿದ್ರೆ ಅವು ಅಣ್ಣ ಬಂದ ಅಂದ್ಕೊಳ್ತಾವೆ.”

ಈ ಸವಾರಿ ಶಾಲೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಲಾಯದಕ್ಕ ಎಂದು. ಇವರ ಅಣ್ಣ ಇಲ್ಲಿ ಒಂದು ತಲೆಮಾರಿಗೇ ಕುದುರೆ ಸವಾರಿ ಕಲಿಸಿದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಕಳೆದ ಚಳಿಗಾಲದಲ್ಲಿ ಒಂದು ದಿನ ಪಾಠ ಮುಗಿಸಿ, ಕುದುರೆಯ ಬೆನ್ನಿನಿಂದ ಜೀನು ಬಿಚ್ಚುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರ ಅಂತಿಮಯಾತ್ರೆಗೆ ಬೀದಿ ತುಂಬ ಜನ ಸೇರಿದ್ದರು. ಆದರೆ ಅಷ್ಟು ವರ್ಷ ಅವರ ಕುದುರೆಗಳ ಲದ್ದಿ ಬಾಚಿ, ಮೈ ಉಜ್ಜಿ, ಗಾಯಕ್ಕೆ ಮುಲಾಮು ಹಚ್ಚಿ, ಸವಾರಿಗೆ ಸಜ್ಜು ಮಾಡಿ ಕಳಿಸುತ್ತಿದ್ದ ತಂಗಿಯ ಮುಖವನ್ನು ಆ ಗುಂಪಿನಲ್ಲಿ ಗುರುತು ಹಿಡಿದವರು ಕಡಿಮೆ.

“ನಮ್ಮಪ್ಪ ಕುದುರೆಗೆ ಲಾಳ ಕಟ್ಟೋರು. ಕಟ್ಟೋವಾಗ ಒಬ್ಬರು ಹಿಡ್ಕೊಂಡು ನಿಲ್ಬೇಕಲ್ಲ, ಅದು ನಾನು. ಕಟ್ಟಿದ ಮೇಲೆ ಸರಿ ಹೋಯ್ತಾ ಅಂತ ಹತ್ತಿ ನೋಡ್ಬೇಕಲ್ಲ, ಅದು ಅಣ್ಣ. ಕೊನೇವರೆಗೂ ಅದೇ ಲೆಕ್ಕ, ಅವನು ಮೇಲೆ, ನಾನು ಕೆಳಗೆ,” ಎಂದು ಲಾಯದಕ್ಕ ನಗುತ್ತಾರೆ. “ಅದಕ್ಕೆ ನನಗೇನೂ ಬೇಜಾರಿಲ್ಲ. ಮೇಲೆ ಕೂತವರಿಗೆ ಕುದುರೆ ಕಿವಿ ಕಾಣುತ್ತೆ, ಕೆಳಗೆ ನಿಂತವರಿಗೆ ಕಣ್ಣು ಕಾಣುತ್ತೆ.”

ಗಂಡ ತೀರಿಕೊಂಡ ಮೇಲೆ ಅವರು ಅಣ್ಣನ ಮನೆ ಸೇರಿದರು. ಮನೆ ಎಂದರೆ ಲಾಯದ ಹಿಂದಿನ ಎರಡು ಕೋಣೆ. ಈಗ ಅಲ್ಲಿ ಉಳಿದಿರುವವರು ಅತ್ತಿಗೆ ನಾದಿನಿ ಇಬ್ಬರೇ. ಐದು ಕುದುರೆಗಳಿಗೆ ನೀರು, ಮೇವು, ಮೈ ತಿಕ್ಕುವುದು, ಜೀನು ಕಟ್ಟುವುದು, ಪಾಠ ಮುಗಿದ ಮೇಲೆ ಜೀನು ಬಿಚ್ಚಿ ಮತ್ತೆ ಮೈ ತಿಕ್ಕುವುದು. ಭಾನುವಾರ ಬಂತೆಂದು ಕುದುರೆಗೆ ಹಸಿವು ನಿಲ್ಲುವುದಿಲ್ಲ. ಲಾಯದಕ್ಕನ ಬಲ ಮೊಣಕೈ ಪೂರ್ತಿ ಮಡಚುವುದಿಲ್ಲ, ಪಟಾಕಿ ಎಂಬ ಕುದುರೆ ಎಂದೋ ಒದ್ದು ಮುರಿದದ್ದು. ಕೇಳಿದರೆ, “ತಪ್ಪು ನಂದೇ, ಹೇಳದೆ ಹಿಂದಿನಿಂದ ಹೋದೆ,” ಎಂದು ಪಟಾಕಿಯ ಪರವಾಗಿಯೇ ವಕಾಲತ್ತು ವಹಿಸುತ್ತಾರೆ.

ಇನ್ನು ಮೇಷ್ಟ್ರ ಮಾತು. ಮೇಷ್ಟ್ರೆಂದರೆ ಮಾತು, ಮಾತೆಂದರೆ ಮೇಷ್ಟ್ರು. ಮೈದಾನದ ನಟ್ಟನಡುವೆ ನಿಂತರೆಂದರೆ ಪಾಠ ಮುಗಿಯುವವರೆಗೆ ಬಾಯಿಗೆ ಬಿಡುವಿಲ್ಲ. “ಬೆನ್ನು ನೆಟ್ಟಗೆ! ಹಿಮ್ಮಡಿ ಕೆಳಗೆ! ಉಸಿರಾಡಿ ಸ್ವಾಮಿ, ಉಸಿರಿಗೆ ನಾನು ಫೀಸು ತಗೊಳ್ಳಲ್ಲ!” ಇದು ಕಲಿಯುವವರಿಗೆ. ಕುದುರೆಗಳಿಗೆ ಬೇರೆಯದೇ ದನಿ, ಮೂಗಿನಿಂದ ಎಳೆದು ಬಿಟ್ಟ ಉದ್ದನೆಯ ಕರೆ: “ನಡಿ ಬಂಗಾರ! ಓಡು ಬಂಗಾರ! ನಿಲ್ಲು ಬಂಗಾರ!” ಬೂದಿ, ಬೆಣ್ಣೆ, ಪಟಾಕಿ, ಜಂಭಯ್ಯ ಮತ್ತು ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ, ಐದಕ್ಕೂ ಬಂಗಾರ ಎಂದೇ ಕರೆ.

ನಲವತ್ತು ದಾಟಿದ ಮೇಲೆ ಸವಾರಿ ಕಲಿಯಲು ಬಂದ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದಾರೆ. “ಮೊದಲ ದಿನ ನಾನು ಅತ್ತುಬಿಟ್ಟಿದ್ದೆ,” ಎನ್ನುತ್ತಾರೆ ಅವರು. “ಮೇಷ್ಟ್ರು ನಗಲಿಲ್ಲ. ‘ನಿಮ್ಮ ಕುರ್ಚಿ ಮೇಲೆ ಕೂತ್ಕೊಳ್ಳೋವಾಗ ನಾನೂ ಅಳ್ತೀನಿ, ಸರಿ ಹೋಯ್ತು ಬಿಡಿ’ ಅಂದ್ರು. ಒಂದು ವಾರಕ್ಕೆ ಕುದುರೆ ನಾನು ಹೇಳಿದ ಹಾಗೆ ಕೇಳ್ತಿತ್ತು. ಅಂದ್ರೆ, ಹಾಗಂತ ನಾನು ಅಂದ್ಕೊಂಡಿದ್ದೆ.”

ಆ ಅಂದುಕೊಂಡದ್ದು ಕಳಚಿ ಬಿದ್ದದ್ದು ಮೇಷ್ಟ್ರು ಹೋದ ನಂತರದ ಭಾನುವಾರ. ಹಳೆಯ ಶಿಷ್ಯರೆಲ್ಲ ಸೇರಿ, ಮೇಷ್ಟ್ರ ನೆನಪಿಗೆ ಮೈದಾನದ ಸುತ್ತ ಒಂದು ಸುತ್ತು ಬರೋಣ ಎಂದು ತೀರ್ಮಾನಿಸಿದ್ದರು. ಲಾಯದಕ್ಕ ಐದೂ ಕುದುರೆಗಳನ್ನು ಕನ್ನಡಿಯಂತೆ ಉಜ್ಜಿ ತಂದು ನಿಲ್ಲಿಸಿದರು. ಐದು ಜನ ಗಂಭೀರವಾಗಿ ಹತ್ತಿ ಕೂತರು. ಲಗಾಮು ಸಡಿಲಿಸಿದರು, ಕಾಲಿನಿಂದ ಒತ್ತಿದರು. ಕುದುರೆಗಳು ನಡೆಯಲಿಲ್ಲ. ಇನ್ನೂ ಜೋರಾಗಿ ಒತ್ತಿದರು, ಬಾಯಲ್ಲಿ ಚೊಚ್ ಚೊಚ್ ಎಂದರು. ಜಪ್ಪಯ್ಯ ಎಂದರೂ ಒಂದೂ ಅಲುಗಾಡಲಿಲ್ಲ. ನೋಡಲು ನಿಂತವರಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಅವರೇ ಬಾಯಿ ಮುಚ್ಚಿಕೊಂಡು ಅತ್ತರು.

ಆಗಿದ್ದೇನೆಂದು ಎಲ್ಲರಿಗೂ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ಕುದುರೆಗಳು ಓಡಿದ್ದು ಬೆನ್ನ ಮೇಲೆ ಕೂತವರ ಕಾಲಿನ ಮಾತಿಗಲ್ಲ, ಮೈದಾನದ ನಡುವೆ ನಿಂತವರ ದನಿಗೆ. ಹೆದರಿದವರ ಹೆದರಿಕೆ ಬಿಡಿಸಲೆಂದು ಮೇಷ್ಟ್ರು ಮೊದಲು ತಾವೇ ಕುದುರೆಗೆ ಹೇಳುತ್ತಿದ್ದರು. ಹಿಂದೆಲ್ಲ ಕೆಲವು ತಿಂಗಳು ಕಳೆದ ಮೇಲೆ ದನಿ ತಗ್ಗಿಸುತ್ತಾ ಬಂದು, ಕೊನೆಗೆ ಸುಮ್ಮನಾಗಿ ಸವಾರಿಯನ್ನು ಶಿಷ್ಯರ ಕೈಗೆ ಒಪ್ಪಿಸುತ್ತಿದ್ದರಂತೆ. ವಯಸ್ಸಾದಂತೆ, ಯಾರಾದರೂ ಬಿದ್ದಾರು ಎಂಬ ಅಂಜಿಕೆ ಶಿಷ್ಯರಿಗಿಂತ ಅವರಿಗೇ ಹೆಚ್ಚಾಯಿತು. ಸುಮ್ಮನಾಗುವುದನ್ನು ಬಿಟ್ಟೇಬಿಟ್ಟರು.

ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? “ಹಾಗಾದ್ರೆ ಮೇಷ್ಟ್ರು ಏನೂ ಕಲಿಸಲೇ ಇಲ್ಲ, ನಾವು ಬೆನ್ನ ಮೇಲಿನ ಮೂಟೆಗಳಾಗಿದ್ವಿ ಅಷ್ಟೇ,” ಎಂಬ ಮಾತು ಗೇಟಿನ ಹತ್ತಿರ ಹುಟ್ಟಿ ಲಾಯದವರೆಗೂ ಬಂತು. ಒಬ್ಬರು ಚಾಟಿ ತರೋಣ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಶಾಲೆಯ ಯಜಮಾನರು ಕೆಟ್ಟವರಲ್ಲ, ಆದರೆ ನಡೆಯದ ಕುದುರೆಗಳನ್ನು ಇಟ್ಟುಕೊಂಡು ಶಾಲೆ ನಡೆಸುವುದು ಹೇಗೆ? ಬೇಸಿಗೆ ರಜೆಯ ತರಗತಿ ಶುರುವಾಗುವುದರೊಳಗೆ ಇವು ನಡೆಯದಿದ್ದರೆ ಮಾರಿ ಬೇರೆ ತರುತ್ತೇನೆ ಎಂದುಬಿಟ್ಟರು.

ಮೇಷ್ಟ್ರ ಜಾಗಕ್ಕೆ ಬಂದ ಹೊಸ ಟೀಚರು ಅವರದೇ ಶಿಷ್ಯೆ. ಚಿಕ್ಕವಳಿದ್ದಾಗ ಕುದುರೆ ಕಂಡರೆ ಹುಲ್ಲಿನ ಬಣವೆಯ ಹಿಂದೆ ಅಡಗುತ್ತಿದ್ದವರು. ಅವರು ಲಾಯದಕ್ಕನ ಹತ್ತಿರ ಬಂದು ನೇರವಾಗಿಯೇ ಹೇಳಿದರು: “ಅಕ್ಕ, ಇವಕ್ಕೆ ಮೇಷ್ಟ್ರ ದನಿ ಮರೆಸಬೇಕು. ಯಾರೂ ಮಾತಾಡಬಾರದು. ಕಾಲಿನ ಒತ್ತಿಗೆ ನಡೆಯೋದನ್ನ ಮೊದಲಿಂದ ಕಲಿಸಬೇಕು.”

“ಅವನು ಹೋಗಿ ಇನ್ನೂ ತಿಂಗಳಾಗಿಲ್ಲ ಕಣೇ,” ಎಂದರು ಲಾಯದಕ್ಕ. “ಆಗಲೇ ಮರೆಸಬೇಕಾ? ಅದೂ ನನ್ನ ಕೈಯಲ್ಲೇ?” ಅಷ್ಟು ಹೇಳಿ ಬಕೆಟ್ ಎತ್ತಿಕೊಂಡು ಹೋದವರು ಎಷ್ಟೋ ದಿನ ಆ ಹುಡುಗಿಯ ಮುಖ ನೋಡಲಿಲ್ಲ.

ಮನಸ್ಸು ತಿರುಗಿಸಿದ್ದು ಒಂದು ಫೋನು. ಬ್ಯಾಂಕಿನಲ್ಲಿ ಕೆಲಸ ಮಾಡುವ ಶಿಷ್ಯರೊಬ್ಬರ ಬಳಿ ಹಿಂದೆಂದೋ ಮಾಡಿಕೊಂಡ ಪಾಠದ ವಿಡಿಯೋ ಇತ್ತು. ಒಳ್ಳೆಯ ಮನಸ್ಸಿನಿಂದಲೇ ಅದನ್ನು ತಂದು ಜೋರಾಗಿ ಹಾಕಿದರು. “ನಡಿ ಬಂಗಾರ!” ಎಂದಿತು ಫೋನು. ಐದು ಕುದುರೆಗಳ ಕಿವಿಗಳೂ ಒಮ್ಮೆಲೇ ನಿಮಿರಿದವು. ಜಂಭಯ್ಯ ಕೆನೆದ. ಐದೂ ನಡೆದವು. ಜನ ಚಪ್ಪಾಳೆ ತಟ್ಟುತ್ತಿದ್ದಂತೆಯೇ ಅವು ಸುತ್ತಿನ ದಾರಿ ಬಿಟ್ಟು ಮೈದಾನದ ನಡುವಿಗೆ, ಮೇಷ್ಟ್ರು ನಿಲ್ಲುತ್ತಿದ್ದ ಕಡೆಗೆ ಹೋಗಿ, ಖಾಲಿ ಜಾಗದ ಸುತ್ತ ನಿಂತುಬಿಟ್ಟವು. ದೊಡ್ಡಮ್ಮ ನೆಲ ಮೂಸಿದಳು, ಆಮೇಲೆ ಬಂದು ಬ್ಯಾಂಕಿನವರ ಜೇಬಿಗೆ ಮೂತಿ ತೂರಿಸಿ ಹುಡುಕಿದಳು.

“ಅಲ್ಲಿ ಯಾರೂ ಇರ್ಲಿಲ್ಲ,” ಎನ್ನುವಾಗ ಲಾಯದಕ್ಕನ ಕಣ್ಣು ತುಂಬುತ್ತದೆ. “ಅಣ್ಣ ಸತ್ತಾಗ ನಾನು ಅಳ್ಲಿಲ್ಲ, ಕೆಲಸ ಇತ್ತು. ಅವತ್ತು ಅತ್ತೆ. ಮೂಕ ಪ್ರಾಣಿಗಳಿಗೆ ನಾವು ಸುಳ್ಳು ಹೇಳಿದ್ವಲ್ಲ ಅಂತ.” ಮೈದಾನಕ್ಕೆ ಸ್ಪೀಕರ್ ಹಾಕಿಸಿಬಿಡೋಣ ಎಂದು ಯಜಮಾನರು ಲೆಕ್ಕ ಹಾಕುತ್ತಿದ್ದಾಗಲೇ ಲಾಯದಕ್ಕ ಹೊಸ ಟೀಚರ ಬಳಿ ಹೋಗಿ, “ನೀನು ಹೇಳಿದ ಹಾಗೇ ಮಾಡೋಣಮ್ಮ,” ಎಂದರು.

ಮೊದಲಿನಿಂದ ಶುರು. ಒಬ್ಬರು ಮೇಲೆ ಕೂತು ಕಾಲಿನಿಂದ ಒತ್ತಬೇಕು, ಅದೇ ಗಳಿಗೆಯಲ್ಲಿ ಲಾಯದಕ್ಕ ಮೂತಿಗೆ ಕಟ್ಟಿದ ಹಗ್ಗ ಹಿಡಿದು ಒಂದು ಹೆಜ್ಜೆ ಮುಂದೆ ನಡೆಸಬೇಕು. ಹೆಜ್ಜೆ ಇಟ್ಟರೆ ಕುತ್ತಿಗೆ ಸವರಬೇಕು. ಮಾತಿಲ್ಲ. ಬೆಳಗ್ಗೆ ಅದು, ಸಂಜೆ ಅದು. ಅಣ್ಣ ವರ್ಷಗಟ್ಟಲೆ ತುಂಬಿದ್ದನ್ನು ತಂಗಿ ದಿನಾ ಒಂದಿಷ್ಟು ಖಾಲಿ ಮಾಡುತ್ತಿದ್ದರು. “ಯಾರಿಗೂ ಬೇಡಪ್ಪ ಆ ಕೆಲಸ,” ಎನ್ನುತ್ತಾರೆ.

ಹೀಗಿರುವಾಗ ಒಂದು ಬೆಳಗ್ಗೆ ಪಟಾಕಿಯ ಮೇಲಿಂದ ಇಳಿಯುತ್ತಿದ್ದ ಪುಟ್ಟ ಹುಡುಗಿಯ ಕಾಲು ಜೀನಿನಿಂದ ತೂಗುವ ರಿಕಾಪಿನ ಬಳೆಯಲ್ಲಿ ಸಿಕ್ಕಿಕೊಂಡಿತು. ಬೆದರಿದ ಪಟಾಕಿ ಹೊರಟೇಬಿಟ್ಟ. ಹುಡುಗಿ ತಲೆಕೆಳಗಾಗಿ ನೇತಾಡುತ್ತಿದ್ದಾಳೆ. ಲಾಯದ ಬಾಗಿಲಲ್ಲಿದ್ದ ಲಾಯದಕ್ಕ ಬಕೆಟ್ ಬಿಸಾಡಿ ಕೂಗಿದರು: “ನಿಲ್ಲು ಬಂಗಾರ!”

ಪಟಾಕಿ ನಿಂತ. ಪಟಾಕಿಯಷ್ಟೇ ಅಲ್ಲ, ಐದೂ ನಿಂತು ಅವರತ್ತ ತಿರುಗಿದವು. ಹುಡುಗಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳ ಕಾಲು ಬಿಡಿಸಿ ಎತ್ತಿಕೊಂಡಾಗಲೇ ಅಲ್ಲಿದ್ದವರಿಗೆಲ್ಲ ತಿಳಿದದ್ದು, ಒಡಹುಟ್ಟಿದವರ ಗಂಟಲು ಒಂದೇ ಎಂದು. ಅದೇ ಮೂಗಿನ ಎಳೆತ, ಅದೇ ಏರಿಳಿತ. ಅಲ್ಲಿಯವರೆಗೆ ಅವರು ಕುದುರೆಗಳ ಜತೆ ಮೆಲ್ಲಗೆ ಹರಟಿದ್ದೇ ಹೊರತು ಹೀಗೆ ಗಂಟಲೆತ್ತಿ ಕೂಗಿದ್ದೇ ಇರಲಿಲ್ಲ.

“ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ನೋಡಿ!” ಎಂದು ಯಜಮಾನರು ಹಿಗ್ಗಿಹೋದರು. “ಅಕ್ಕ, ನಾಳೆಯಿಂದ ನೀವೇ ನಡುವೆ ನಿಂತು ಕೂಗಿ ಸಾಕು. ಮೇಷ್ಟ್ರ ಜಾಗ ನಿಮ್ಮದೇ.” ಶಿಷ್ಯರೂ ಹೂಂಗುಟ್ಟಿದರು. ಹೊಸ ಟೀಚರು ಮಾತ್ರ ತಲೆ ತಗ್ಗಿಸಿ ನಿಂತಿದ್ದರು.

“ಆಸೆ ಆಯ್ತು. ಸುಳ್ಳು ಯಾಕೆ ಹೇಳ್ಲಿ,” ಎನ್ನುತ್ತಾರೆ ಲಾಯದಕ್ಕ. “ಒಂದು ಕೂಗು ಹಾಕಿದ್ರೆ ಎಲ್ಲ ಮೊದಲಿನ ಹಾಗೇ. ಅಣ್ಣ ಇದ್ದ ಹಾಗೇ. ಅತ್ತಿಗೇನೂ ಒಪ್ಕೋ ಅಂದ್ಲು. ಆದ್ರೆ ದೊಡ್ಡಮ್ಮ ನೆಲ ಮೂಸಿದ್ದು ಕಣ್ಣ ಮುಂದೆ ಬಂತು. ನನಗೂ ವಯಸ್ಸಾಯ್ತು. ನಾಳೆ ನಾನೂ ಹೋದ್ರೆ ಇವು ಇನ್ನೊಂದು ಸಲ ಹಾಗೇ ನಿಂತ್ಕೋಬೇಕಾ? ಬೇಡ ಅಂದ್ಬಿಟ್ಟೆ.”

ಅಂದಿನಿಂದ ಅವರು ಲಾಯದಲ್ಲಾಗಲೀ ಮೈದಾನದಲ್ಲಾಗಲೀ ಬಾಯಿ ಬಿಟ್ಟಿಲ್ಲ. ಜೀವಮಾನವಿಡೀ ಅವುಗಳೊಂದಿಗೆ ಹರಟಿದವರಿಗೆ ಅದು ಉಪವಾಸಕ್ಕಿಂತ ಕಷ್ಟ. ಲದ್ದಿ ಬಾಚುವಾಗ ಬಾಯಿಗೆ ಬಂದ ಮಾತನ್ನು ನುಂಗಿ, ಗೋಡೆಯಾಚೆ ಬಂದು ಪಂಪಿನ ಮುಂದೆ ಹೇಳಿ ಹೋಗಿದ್ದೂ ಉಂಟು ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಮೊದಲು ನಡೆದದ್ದು ಬೂದಿ. ಹಲ್ಲಿನ ಡಾಕ್ಟರಮ್ಮ ಕಾಲಿನಿಂದ ಮೆಲ್ಲಗೆ ಒತ್ತಿದರು. ಹಗ್ಗ ಹಿಡಿದವರಿರಲಿಲ್ಲ, ಕೂಗುವವರಿರಲಿಲ್ಲ. ಬೂದಿ ಕಿವಿಯನ್ನು ಹಿಂದಕ್ಕೆ, ಬೆನ್ನ ಮೇಲಿದ್ದವರ ಕಡೆಗೆ ತಿರುಗಿಸಿ ಒಂದು ಕ್ಷಣ ಯೋಚಿಸಿದ, ಹೆಜ್ಜೆ ಎತ್ತಿಟ್ಟ. ಮೈದಾನದ ಸುತ್ತ ಪೂರ್ತಿ ಒಂದು ಸುತ್ತು. ಡಾಕ್ಟರಮ್ಮ ಮೊದಲ ದಿನದ ಹಾಗೆಯೇ ಅತ್ತರು. ಬೆಣ್ಣೆ, ಜಂಭಯ್ಯ, ಪಟಾಕಿ ಒಬ್ಬೊಬ್ಬರಾಗಿ ಹಿಂದೆ ಬಂದರು. ರಜೆಯ ತರಗತಿ ಹೊತ್ತಿಗೆ ಸರಿಯಾಗಿ ಶುರುವಾಯಿತು. ಮಾರುವ ಮಾತನ್ನಾಗಲೀ ಸ್ಪೀಕರಿನ ಮಾತನ್ನಾಗಲೀ ಯಜಮಾನರು ಮತ್ತೆ ಎತ್ತಲಿಲ್ಲ.

“ಮೇಷ್ಟ್ರು ಏನೂ ಕಲಿಸಲಿಲ್ಲ ಅಂದವರು ಈಗ ಬಂದು ನೋಡಬೇಕು,” ಎನ್ನುತ್ತಾರೆ ಹೊಸ ಟೀಚರು. “ಕುದುರೆ ನಡೆಯೋಕೆ ಶುರು ಮಾಡಿದ ಮೇಲೆ ಒಬ್ಬರೂ ಅಲುಗಾಡ್ಲಿಲ್ಲ. ಬೆನ್ನು, ಹಿಮ್ಮಡಿ, ಕೈ, ಎಲ್ಲ ಎಲ್ಲಿರಬೇಕೋ ಅಲ್ಲೇ. ಕೂರೋದನ್ನ ಅವರು ಕಲಿಸಿಯೇ ಹೋಗಿದ್ರು. ಕುದುರೆ ನಮ್ಮ ಕಾಲಿನ ಮಾತು ಕೇಳೋದೊಂದು ಬಾಕಿ ಇತ್ತು, ಅದನ್ನ ಅಕ್ಕ ಕಲಿಸಿದ್ರು.” ಆ ಮಾತು ಕಿವಿಗೆ ಬಿದ್ದರೂ ಬೀಳದಂತೆ ಲಾಯದಕ್ಕ ಬೂಟಿನ ಕೆಸರು ತೊಳೆಯುತ್ತಾರೆ.

ಕಲಿಯದೆ ಉಳಿದವಳು ದೊಡ್ಡಮ್ಮ ಒಬ್ಬಳೇ. ಎಷ್ಟು ಒತ್ತಿದರೂ, ಎಷ್ಟು ಕಾದರೂ ಅವಳದು ಒಂದೇ ಹಟ. ಕೊನೆಗೆ ಅವಳ ಬೆನ್ನಿಗೆ ಜೀನು ಹಾಕುವುದನ್ನೇ ನಿಲ್ಲಿಸಿದರು. ಇರುವಷ್ಟು ದಿನ ಇರಲಿ ಎಂದರು ಯಜಮಾನರು.

ಪಾಠ ಮುಗಿದಿದೆ, ಬಿಸಿಲೇರಿದೆ. ನಾಲ್ಕು ಕುದುರೆಗಳು ಮೇವಿಗೆ ಮೂತಿ ಇಟ್ಟಿವೆ. ಲಾಯದಕ್ಕ ದೊಡ್ಡಮ್ಮನನ್ನು ಬಿಚ್ಚಿಕೊಂಡು ಮೈದಾನ ದಾಟಿ, ಮೇವಿನ ಶೆಡ್ಡಿನ ಹಿಂದೆ, ಉಳಿದವುಗಳ ಕಿವಿಗೆ ಎಟುಕದ ಹುಲ್ಲುಗಾವಲಿನ ಕೊನೆಯವರೆಗೂ ಹೋಗುತ್ತಾರೆ. ಒಮ್ಮೆ ಹಿಂದೆ ತಿರುಗಿ ನೋಡಿ, ಕುದುರೆಯ ಹಗ್ಗ ಬಿಡುತ್ತಾರೆ. “ನಡಿ ಬಂಗಾರ,” ಎನ್ನುತ್ತಾರೆ. ಮುದಿ ಕುದುರೆ ಕಿವಿ ನಿಮಿರಿಸಿ, ಚಿಕ್ಕ ಪ್ರಾಯದವಳಂತೆ ಕತ್ತು ಕುಣಿಸುತ್ತಾ ನಡೆಯುತ್ತದೆ.

“ದೊಡ್ಡಮ್ಮನಿಗೆ ಪಾಪ ಮರೆಯೋಕಾಗ್ಲಿಲ್ಲ, ಅದಕ್ಕೇ ದಿನಾ ಒಂದು ಸಲ ಮಾತಾಡಿಸ್ತೀನಿ ಅಂತ ಎಲ್ಲರ ಹತ್ರ ಹೇಳ್ಕೊಂಡಿದೀನಿ,” ಎನ್ನುತ್ತಾರೆ ಲಾಯದಕ್ಕ, ಕುದುರೆಯ ಮೇಲಿನ ಕಣ್ಣು ತೆಗೆಯದೆ. “ಅವಳಿಗೋಸ್ಕರ ಮಾತ್ರ ಅಲ್ಲ ಬಿಡಿ. ನನಗೂ ಅವನ ದನಿ ಕೇಳ್ಬೇಕು ಅನ್ಸುತ್ತಲ್ಲ.”