ನೂರಕ್ಕೆ ಮೂವತ್ತನಾಲ್ಕು ಜೊಳ್ಳು

ಮೂಡಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿರಿಗೇರಿಯ ಕಪ್ಪು ಮಣ್ಣಿನ ಎರೆಹೊಲದ ನಟ್ಟನಡುವೆ ಹುಸೇನ್ ಬೀ ಜೋಳದ ಸಾಲು ಹಿಡಿದು ನಡೆಯುತ್ತಿದ್ದಾರೆ. ಸೀರೆ ಮೊಣಕಾಲಿನವರೆಗೆ ಇಬ್ಬನಿಯಲ್ಲಿ ತೊಯ್ದಿದೆ. ಒಂದೊಂದು ಗಿಡದ ಮುಂದೆಯೂ ನಿಲ್ಲುತ್ತಾರೆ, ತೆನೆಯ ಕತ್ತು ಹಿಡಿದು ವಾರೆ ಮಾಡಿ ನೋಡುತ್ತಾರೆ, ಬಿಡುತ್ತಾರೆ. ನೂರು ಗಿಡ ಆದರೆ ಸೆರಗಿನ ತುದಿಗೊಂದು ಗಂಟು. ನಡುನಡುವೆ ಒಂದನ್ನು ಬೇರು ಸಮೇತ ಕಿತ್ತು ಬಗಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕಿತ್ತದ್ದೂ ಬಿಟ್ಟದ್ದೂ ನನ್ನ ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಹಾಗೆಂದು ಹೇಳಿದೆ.

“ಕತ್ತು ನೋಡ್ರಿ ಸಾಮಿ, ಉದ್ದ ಐತಿ. ತೆನಿ ಸಡ್ಲ ಐತಿ. ಇದು ನಮ್ಮ ಎರಿಹೊಲದ್ದಲ್ಲ, ನೀರು ಕುಡದು ಬೆಳದ ಜಾತಿದು,” ಎಂದು ಒಂದನ್ನು ನನ್ನ ಕೈಗೆ ಕೊಟ್ಟರು. ನಾನು ತಿಳಿದವನಂತೆ ತಲೆಯಾಡಿಸಿದೆ. ಅವರಿಗೆ ನಗು ಬಂತು.

ಜೋಳದ ಹೂ ಬಿರಿಯುವುದು ಬೆಳಗಿನ ಜಾವಕ್ಕೆ. ಬಿಸಿಲೇರಿ ಗಾಳಿ ಎದ್ದರೆ ಹೂವಿನ ಹುಡಿ ಒಂದು ತೆನೆಯಿಂದ ಇನ್ನೊಂದಕ್ಕೆ ಹಾರಿ ಕೂರುತ್ತದೆ. ಬೆರಕೆ ಗಿಡವನ್ನು ಅಷ್ಟರೊಳಗೆ ಕಿತ್ತು ಹಾಕಬೇಕು. ಆದ್ದರಿಂದ ಹೂ ಬಿಡುವ ಇಪ್ಪತ್ತು ದಿನ ಹುಸೇನ್ ಬೀ ಕೋಳಿಗಿಂತ ಮೊದಲು ಏಳುತ್ತಾರೆ. ದಿನಕ್ಕೆ ಮೂವತ್ತು ಗಂಟು, ಎಂದರೆ ಮೂರು ಸಾವಿರ ಗಿಡ. ಬಳ್ಳಾರಿ ಕಂಟೋನ್ಮೆಂಟಿನ ತುತ್ತೂರಿ ಕೇಳಿಯೂ ಮಗ್ಗುಲು ಬದಲಿಸಿ ಮಲಗುವ ನನ್ನಂಥವನಿಗೆ ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ.

ಇವರ ಹೆಸರು ಬಳ್ಳಾರಿಯ ಯಾವ ಕಚೇರಿಯ ಕಾಗದದಲ್ಲೂ ಇಲ್ಲ. ಸಿರಿಗೇರಿಯ ನಲವತ್ತು ಮನೆಗಳಿಗೆ ಬೀಜದ ಜೋಳ ಆರಿಸಿಕೊಡುವುದು ಇವರ ಕೆಲಸ. ಊರವರ ಬಾಯಲ್ಲಿ ಹುಸೇನಮ್ಮ. ವಯಸ್ಸು ಐವತ್ತೆರಡೋ ಐವತ್ನಾಲ್ಕೋ, ಅವರಿಗೇ ಖಚಿತವಿಲ್ಲ. ತವರು ಕುರುಗೋಡು. ತಂದೆ ಇಮಾಮಸಾಬ್ ಹತ್ತಿ ಹಿಂಜುವವರು. ಹಿಂಜುವ ಬಿಲ್ಲಿನ ನಾದ ಕೇಳಿಯೇ ಹತ್ತಿಯಲ್ಲಿ ಎರಡು ಹೊಲದ ಮಾಲು ಬೆರೆತಿದೆ ಎಂದು ಹೇಳುತ್ತಿದ್ದರಂತೆ. ಗಂಡ ಅಬ್ದುಲ್ ಸಮದ್ ತೀರಿ ಹೋಗಿ ಹದಿನಾಲ್ಕು ವರ್ಷ. ಬೀಜದ ವಿದ್ಯೆ ಅತ್ತೆ ಕುಲ್ಸುಂಬೀ ಅವರಿಂದ ಬಂದದ್ದು. ಧಾತು ಸಂವತ್ಸರದ ಆ ದೊಡ್ಡ ಬರದಲ್ಲಿ ಆ ಅತ್ತೆ ತಾನು ಉಪವಾಸ ಬಿದ್ದರೂ ಒಂದು ಗಡಿಗೆ ಬೀಜ ಉಳಿಸಿ, ಸಾಯುವ ಮುಂಚೆ ಸೊಸೆಯ ಕೈಗೆ ಕೊಟ್ಟರು. ಇಂದು ಊರಿನ ಹೊಲದಲ್ಲಿ ನಿಂತಿರುವುದೆಲ್ಲ ಆ ಗಡಿಗೆಯ ಸಂತಾನ. ಈ ಮಾತು ಹೇಳುವಾಗ ಹುಸೇನ್ ಬೀ ಮುಖ ಆಚೆ ತಿರುಗಿಸಿಕೊಂಡರು.

ನಾನು ಎತ್ತಿನ ಗಾಡಿಯಲ್ಲಿ ಸೊಂಟ ನೋಯಿಸಿಕೊಂಡು ಇಲ್ಲಿಗೆ ಬಂದದ್ದು ಮಾತ್ರ ಆ ಗಡಿಗೆಗಾಗಿ ಅಲ್ಲ. ಇವರ ಮನೆಯ ಎರಡು ಮೊರಗಳಿಗಾಗಿ.

ಎಂಟು ವರ್ಷದ ಹಿಂದೆ ಊರಿನ ಮೂಡಲಿಗೆ ಪಾಲಯ್ಯ ಎಂಬ ರೈತ ಬಾವಿ ತೋಡಿಸಿ, ಸಿರುಗುಪ್ಪದ ಕಾಲುವೆ ಸೀಮೆಯಿಂದ ಜೋಳದ ಬೀಜ ತಂದು ಬಿತ್ತಿದರು. ಎತ್ತರದ ಗಿಡ, ದಪ್ಪ ತೆನೆ, ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಅದಕ್ಕೆ ನೀರು ಬೇಕು. ಎರೆಹೊಲದ ಜವಾರಿ ಜೋಳಕ್ಕಾದರೆ ಹಸ್ತ, ಚಿತ್ತಿ ಮಳೆ ಹಸಿ ಮಾಡಿಕೊಟ್ಟರೆ ಸಾಕು, ಉಳಿದದ್ದನ್ನು ಇಬ್ಬನಿಯಲ್ಲೇ ನಿಭಾಯಿಸುತ್ತದೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಒಳ್ಳೆಯವೇ. ತಂಟೆ ಇರುವುದು ಗಾಳಿಯದು. ಹಿಂಗಾರಿ ಜೋಳ ಹೂ ಬಿಡುವ ಹೊತ್ತಿಗೆ ಗಾಳಿ ಬೀಸುವುದು ಮೂಡಲಿಂದ, ಪಾಲಯ್ಯನವರ ಬಾವಿಯ ಕಡೆಯಿಂದ.

ಇದರ ಜೊತೆಗೆ ಊರಿನ ಒಂದು ಪದ್ಧತಿ ಸೇರಿಕೊಂಡಿತು. ಇಲ್ಲಿ ಕೊಯ್ಲಿನ ಮೊದಲ ಕುಡುಗೋಲು ಬೀಳುವುದು ಹೊಲದ ಮೂಡಲ ದಂಡೆಗೆ, ಸೂರ್ಯ ಹುಟ್ಟುವ ದಿಕ್ಕಿಗೆ. ಆ ತೆನೆಗಳನ್ನು ಕಟ್ಟಿ, ಅರಿಸಿನ ಹಚ್ಚಿ, ಪೂಜೆ ಮಾಡಿ, ಅದನ್ನೇ ಮುಂದಿನ ವರ್ಷದ ಬೀಜಕ್ಕೆ ಎತ್ತಿಡುತ್ತಾರೆ. ಬಾವಿ ಬಂದ ಮೇಲೆ ಆ ದಂಡೆಯ ತೆನೆ ಇನ್ನಷ್ಟು ದಪ್ಪಗಾಯಿತು. ಊರೆಲ್ಲ ಹಿಗ್ಗಿತು. ಬೆರಕೆಯ ಹುಡಿ ಹೆಚ್ಚು ಬೀಳುವ ಜಾಗವನ್ನೇ ಹುಡುಕಿಕೊಂಡು ಹೋಗಿ ಬೀಜ ತರುತ್ತಿದ್ದೇವೆ ಎಂದು ಯಾರಿಗೂ ಹೊಳೆಯಲಿಲ್ಲ.

“ನನಗೂ ಹೊಳೀಲಿಲ್ರಿ. ಎರಡು ವರ್ಷ ನಾನಾ ಹೋಗಿ ಆ ದಂಡಿ ತೆನಿ ಆರಿಸೀನಿ, ದಪ್ಪ ಅದಾವಂತ ಹಿಗ್ಗಿ,” ಎನ್ನುತ್ತಾರೆ ಹುಸೇನ್ ಬೀ.

ಮೂರನೆಯ ವರ್ಷ ಅವರಿಗೆ ಅನುಮಾನ ಬಂತು. ಮನೆಯ ಹಿಂದಿನ ಎರೆಮಡಿಯಲ್ಲಿ, ಕೈಗೆ ಬಂದ ದಂಡೆಯ ತೆನೆಗಳಿಂದ ನೂರು ಕಾಳು, ಹೊಲದ ನಡುವಿನ ತೆನೆಗಳಿಂದ ನೂರು ಕಾಳು ಬೇರೆ ಬೇರೆ ಬಿತ್ತಿದರು. ಒಂದೊಂದು ಹೊಲದ ಬೀಜವನ್ನೂ ಹೀಗೆಯೇ ಹಾಕಿ, ಹೊಸದಾಗಿ ಬೆರೆತದ್ದು ಎಷ್ಟು ಎಂದು ಎಣಿಸುತ್ತ ಹೋದರು. ಒಂದೇ ವರ್ಷದ ಗಾಳಿಗೆ ದಂಡೆಯಲ್ಲಿ ನೂರಕ್ಕೆ ಇಪ್ಪತ್ತೈದು ಬೆರಕೆ, ನಡುವೆ ಬರೀ ಐದು. ಮಳೆ ನಿಂತ ಮೇಲೆ ಅದೇ ಮಡಿಗೆ ಮತ್ತೆ ಬಿತ್ತಿ, ನೀರು ತೋರಿಸದೆ ಬಿಟ್ಟು ನೋಡಿದಾಗ ಬೆರಕೆಯಲ್ಲಿ ಅರ್ಧಕ್ಕರ್ಧ ಜೊಳ್ಳಾಯಿತು. ಜವಾರಿಯದು ಕಾಳು ಕಟ್ಟಿತು.

ಇಷ್ಟನ್ನು ಬೇರೆ ಯಾರಾದರೂ ಕಂಡುಕೊಳ್ಳಬಹುದಿತ್ತೇನೋ. ಮುಂದಿನದು ಹುಸೇನ್ ಬೀ ಒಬ್ಬರಿಗೇ ಸಾಧ್ಯ. ಕುರುಗೋಡಿನ ಬಂಡೆಯ ಮೇಲೆ ಚೌಕಾಬಾರ ಆಡಿ ಬೆಳೆದ ಹೆಣ್ಣುಮಗಳು ಹೊಲವನ್ನೇ ಮೊರಕ್ಕೆ ಇಳಿಸಿದರು. ನೂರು ಹುಣಸೆ ಬೀಜ, ಅದು ಜವಾರಿ ಜೋಳ. ಪಕ್ಕದಲ್ಲಿ ಕವಡೆಯ ರಾಶಿ, ಅದು ಬಾವಿಯ ಜೋಳ. ಮೊರ ಅಲುಗಾಡಿಸಿ, ಕಣ್ಣು ಮುಚ್ಚಿ ಐದನ್ನು ತೆಗೆದು ಐದು ಕವಡೆ ಹಾಕುವುದು: ಇದು ಒಂದು ವರ್ಷದ ಗಾಳಿ. ಮಳೆ ಕೈಕೊಟ್ಟ ವರ್ಷವಾದರೆ ಕವಡೆಯಲ್ಲಿ ಅರ್ಧ ಎತ್ತಿಬಿಡುವುದು, ಉಳಿದದ್ದನ್ನು ಅದೇ ಪಾಲಿನಲ್ಲಿ ಬೆಳೆಸಿ ಮತ್ತೆ ನೂರು ಮಾಡುವುದು. ಹೀಗೆ ವರ್ಷದ ಮೇಲೆ ವರ್ಷ. ಇನ್ನೊಂದು ಮೊರ ದಂಡೆಯದು, ಅಲ್ಲಿ ಒಂದೊಂದು ಸುತ್ತಿಗೂ ಇಪ್ಪತ್ತೈದು ಕವಡೆ.

“ಒಮ್ಮಿ ಹಾಕಿದ್ರ ಅದು ಆಟ. ಇಪ್ಪತ್ತು ಸಲ ಹಾಕಿ ನೋಡಬೇಕ್ರಿ, ಆಗ ಅದು ಎಲ್ಲಿ ನಿಲ್ತೈತಿ ಅಂತ ತೋರಸ್ತೈತಿ,” ಎಂದರು.

ನನ್ನ ಮುಂದೆಯೇ ಹಾಕಿ ತೋರಿಸಿದರು. ಪ್ರತಿವರ್ಷ ಮಳೆ ಕಡಿಮೆ ಎಂದಿಟ್ಟುಕೊಂಡರೆ ನಡುವಿನ ಮೊರದಲ್ಲಿ ಕವಡೆ ಏರುತ್ತ ಬಂದು ಹತ್ತರ ಹತ್ತಿರ ನಿಂತುಬಿಡುತ್ತದೆ. ಐದು ಬರುತ್ತವೆ, ಐದು ಹೋಗುತ್ತವೆ. ದಂಡೆಯ ಮೊರದಲ್ಲಿ ಐವತ್ತಕ್ಕೆ ಏರಿ ನಿಲ್ಲುತ್ತದೆ. ಆಮೇಲೆ ಅವರು ತೋರಿಸಿದ್ದು ನೋಡಿ ನಾನು ಕೂತಲ್ಲೇ ನೆಟ್ಟಗಾದೆ. ಮಳೆ ಚೆನ್ನಾಗಿ ಬಂದರೆ ಯಾವ ಕವಡೆಯೂ ಸಾಯುವುದಿಲ್ಲ, ಆದ್ದರಿಂದ ಅದು ನಿಲ್ಲುವುದೂ ಇಲ್ಲ, ಏರುತ್ತಲೇ ಹೋಗುತ್ತದೆ. ನಮ್ಮ ಬೀಜ ಕೆಡುವುದು ಬರದ ವರ್ಷದಲ್ಲಲ್ಲ, ನಾವೆಲ್ಲ ಹೋಳಿಗೆ ತಿಂದು ಮಲಗುವ ಸಮೃದ್ಧಿಯ ವರ್ಷದಲ್ಲಿ.

ಬಾವಿ ಬಂದ ಮೇಲೆ ಎರಡು ವರ್ಷ ಮಳೆ ಸಮೃದ್ಧವಾಗಿ ಬಂತು. ಮತ್ತೆರಡು ವರ್ಷವೂ ಹಾಗೆಯೇ. ದಂಡೆಯ ಮೊರದಲ್ಲಿ ನಾಲ್ಕು ಸುತ್ತಿಗೆ ಅರವತ್ತೆಂಟು ಕವಡೆ. ನಡುವಿನ ಮೊರದಲ್ಲಿ ಹದಿನೆಂಟು; ಅದು ಅತ್ತೆಯ ಗಡಿಗೆಯ ಬೀಜ, ಹೊಲದ ನಡುವೆಯೇ ಬಿತ್ತಿ ನಡುವಿನಿಂದಲೇ ತೆಗೆದಿಟ್ಟುಕೊಂಡು ಬಂದದ್ದು. ಹುಸೇನ್ ಬೀ ಎರಡೂ ಮೊರಗಳನ್ನು ತಲೆಯ ಮೇಲೆ ಹೊತ್ತು ಚಾವಡಿಗೆ ಹೋದರು. ಊರ ಗೌಡರಾದ ಮಲ್ಲಯ್ಯನವರ ಮುಂದೆ ಇಟ್ಟು, ಈ ಸಲ ಬೀಜವನ್ನು ದಂಡೆಯಿಂದ ತೆಗೆಯಬೇಡಿ, ನಡುವಿನಿಂದ ತೆಗೆಯಿರಿ ಎಂದರು. ಚಾವಡಿಯಲ್ಲಿ ನಗೆಯೋ ನಗೆ. ನಾಲ್ಕು ವರ್ಷ ಕಣಜ ತುಂಬಿದ ಬೀಜವನ್ನು ಕವಡೆ ನೋಡಿ ಬಿಡಬೇಕೆ ಎಂದು ಒಬ್ಬರು, ಹಿರಿಯರ ಪೂಜೆಯ ತೆನೆಯನ್ನು ಬೇಡವೆನ್ನುವ ಧೈರ್ಯ ನೋಡಿ ಎಂದು ಇನ್ನೊಬ್ಬರು.

ಹುಸೇನ್ ಬೀ ಜಗಳ ಆಡಲಿಲ್ಲ. “ಪೂಜಿ ಮೂಡಲ ದಂಡಿಗೇ ಮಾಡ್ರಿ ಗೌಡ್ರೆ, ಆ ತೆನಿ ಪ್ರಸಾದ ಅಂತ ಉಣ್ಣೂನು. ಬೀಜ ಮಾತ್ರ ನಡುವಿಂದ ಇರಲಿ,” ಎಂದರು. ಆಗಲೂ ಯಾರೂ ಒಪ್ಪದಿದ್ದಾಗ ಒಂದು ಮಾತು ಹೇಳಿದರು. ಹಸ್ತ, ಚಿತ್ತಿ ಎರಡೂ ಕೈಕೊಟ್ಟ ವರ್ಷ ದಂಡೆಯ ಬೀಜದ ಹೊಲದಲ್ಲಿ ನೂರಕ್ಕೆ ಮೂವತ್ತನಾಲ್ಕು ತೆನೆ ಜೊಳ್ಳು, ನಡುವಿನ ಬೀಜದ್ದರಲ್ಲಿ ಒಂಬತ್ತು. ಈ ಲೆಕ್ಕ ತಪ್ಪಿದರೆ ಮುಂದೆ ಬೀಜದ ಗಡಿಗೆ ಮುಟ್ಟುವುದಿಲ್ಲ, ಬೇರೆಯವರಿಗೆ ಒಪ್ಪಿಸುತ್ತೇನೆ. ಅತ್ತೆ ಹಸಿದು ಉಳಿಸಿದ ಗಡಿಗೆಯನ್ನೇ ಪಣಕ್ಕಿಟ್ಟ ಹಾಗಾಯಿತು. ಮಲ್ಲಯ್ಯನವರು ತಮಾಷೆಗೆ ಆ ಎರಡು ಅಂಕಿಗಳನ್ನು ಚಾವಡಿಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಸಿದರು. ಹನ್ನೊಂದು ಮನೆಯವರು ನಡುವಿನ ಬೀಜ ತೆಗೆದುಕೊಂಡರು, ಇಪ್ಪತ್ತೊಂಬತ್ತು ಮನೆಯವರು ದಂಡೆಯದು.

ಆ ವರ್ಷವೇ ಹಸ್ತ ಒಂದು ದಿನ ಹನಿಯಿತು, ಚಿತ್ತಿ ಬರಲೇ ಇಲ್ಲ.

ಆ ಎರಡು ತಿಂಗಳು ಹೇಗೆ ಕಳೆದಿರಿ ಎಂದು ಕೇಳಿದೆ. “ನನ್ನ ಲೆಕ್ಕ ಸುಳ್ಳಾಗಲಿ ಅಂತ ಐದು ಹೊತ್ತೂ ಬೇಡ್ಕೊಂಡೀನ್ರಿ. ಗಡಗಿ ಹೋದ್ರ ಹೋಗಲಿ, ಮಂದಿ ಹೊಲ ಉಳೀಲಿ ಅಂತ,” ಎಂದರು. ಗೆಲ್ಲಬಾರದೆಂದು ಬೇಡಿಕೊಂಡು ಗೆದ್ದವರನ್ನು ನಾನು ಕಂಡದ್ದು ಇದೇ ಮೊದಲು.

ಕೊಯ್ಲಿಗೆ ಮುಂಚೆ ಮಲ್ಲಯ್ಯನವರು ತಾವೇ ತಮ್ಮ ಹೊಲಕ್ಕೆ ಇಳಿದರು. ಅವರದು ದಂಡೆಯ ಬೀಜ. ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಒಂದು ಸಾಲು ಹಿಡಿದು ನೂರು ತೆನೆ ಒಂದೊಂದಾಗಿ ಹಿಚುಕಿ ನೋಡಿ, ಜೊಳ್ಳನ್ನು ದಾರಿಗೆ ಎಸೆಯುತ್ತ ಹೋದರು. ಎಣಿಸಿದರೆ ಮೂವತ್ತಾರು. ಅಲ್ಲಿಂದ ನೆಟ್ಟಗೆ ನಡುವಿನ ಬೀಜ ಬಿತ್ತಿದ ಪಕ್ಕದ ಹೊಲಕ್ಕೆ ಹೋದರು. ಅಲ್ಲಿ ಒಂಬತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮಲ್ಲಯ್ಯನವರನ್ನೂ ಹೋಗಿ ಕಂಡೆ. ದೊಡ್ಡ ಮನುಷ್ಯ, ಸೋತದ್ದನ್ನು ಮುಚ್ಚಿಡುವವರಲ್ಲ. “ರುಮಾಲು ತಗದು ಕೈಯಾಗ ಹಿಡಕೊಂಡು ನಿಂತಿದ್ನಿ ನೋಡ್ರಿ. ಹುಸೇನಮ್ಮ, ಇನ್ನ ಮ್ಯಾಲ ಊರ ಹಗೇವಿಗೆ ನೀ ಹೇಳಿದ್ದಾ ಬೀಜ ಅಂದೆ,” ಎಂದು ಜೋರಾಗಿ ನಕ್ಕರು. ಆ ವರ್ಷ ಹನ್ನೊಂದು ಮನೆಯವರ ಜೋಳ ನಲವತ್ತು ಮನೆಗೂ ಬೀಜವಾಯಿತು. ನೆಲದೊಳಗೆ ತೋಡಿದ ಆ ಬೀಜದ ಹಗೇವಿನ ಬಾಯಿ ಮುಚ್ಚಿದ ದಿನ ಹಲಗೆ ಬಾರಿಸಿ, ಹುಸೇನ್ ಬೀ ಅವರನ್ನು ಮನೆಯವರೆಗೆ ಕರೆತಂದರಂತೆ. ಚಾವಡಿಗೆ ಪ್ರತಿವರ್ಷ ದಸರೆಗೆ ಸುಣ್ಣ ಹೊಡೆಯುತ್ತಾರೆ. ಇದ್ದಿಲಿನ ಆ ಎರಡು ಅಂಕಿಗಳ ಸುತ್ತ ಒಂದು ಗೇಣು ಜಾಗ ಬಿಟ್ಟು ಹೊಡೆಯುತ್ತಾರೆ. ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ.

ಈಗ ಸಿರಿಗೇರಿಯ ಪೂಜೆ ಮೂಡಲ ದಂಡೆಯಲ್ಲೇ ನಡೆಯುತ್ತದೆ, ಬೀಜ ನಡುವಿನದು. ಕುರುಗೋಡಿನವರೂ ಬಂದು ಮೊರ ಹಾಕಿಸಿಕೊಂಡು ಹೋಗುತ್ತಾರೆ. ಬಾವಿಯ ಪಾಲಯ್ಯನವರ ಮೇಲೆ ಯಾರಿಗೂ ಸಿಟ್ಟಿಲ್ಲ, ಹುಸೇನ್ ಬೀ ಇರಗೊಡುವುದಿಲ್ಲ. ಅವರ ಜೋಳ ಅವರ ಬಾವಿಯ ದಂಡೆಗೆ ಚೊಲೋ, ನಮ್ಮದು ನಮ್ಮ ಎರೆಗೆ ಚೊಲೋ, ಗಾಳಿಗೆ ಮಾತ್ರ ಇದು ತಿಳಿಯುವುದಿಲ್ಲ ಎನ್ನುತ್ತಾರೆ. ಪಾಲಯ್ಯನವರೂ ಎರಡು ಹೊಲದ ನಡುವೆ ಗಾಳಿಗೆ ಅಡ್ಡವಾಗಿ ತಾವಾಗಿ ಹತ್ತು ಸಾಲು ತೊಗರಿ ಹಾಕಿದ್ದಾರೆ.

ಈ ನಡುವೆ ಬಳ್ಳಾರಿಗೆ ಒಮ್ಮೆ ಹೋಗಿ ಕಂಟೋನ್ಮೆಂಟಿನಲ್ಲಿ ಗಣಿತ ಹೇಳಿಕೊಡುವ ನನ್ನ ಗೆಳೆಯ ಎರ್ರಣ್ಣ ಮೇಷ್ಟ್ರಿಗೆ ಈ ಲೆಕ್ಕ ಒಪ್ಪಿಸಿದೆ. ಮೊದಲು ಮೂಗು ಮುರಿದರು. ಮಧ್ಯಾಹ್ನವೆಲ್ಲ ಹಲಗೆಯ ಮೇಲೆ ಬೀಜಗಣಿತ ಬರೆದು ಅಳಿಸಿ, ಸಂಜೆ ಚಹಾ ಮರೆತು ಕೂತಿದ್ದರು. ಗಾಳಿ ತರುವ ಪಾಲನ್ನು ಬರ ಕೊಲ್ಲುವ ಪಾಲಿನಿಂದ, ಎಂದರೆ ಅರ್ಧದಿಂದ, ಭಾಗಿಸಿದರೆ ಬೆರಕೆ ಎಲ್ಲಿ ನಿಲ್ಲುತ್ತದೋ ಅದು ಸಿಗುತ್ತದೆ. ಐದಕ್ಕೆ ಹತ್ತು, ಇಪ್ಪತ್ತೈದಕ್ಕೆ ಐವತ್ತು. ಮೊರ ಹೇಳಿದ್ದೂ ಅದೇ. ಓದು ಬಾರದ ಹೆಂಗಸು ಇದನ್ನು ಕವಡೆಯಲ್ಲಿ ಮಾಡಿದಳೇ ಎಂದು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಹೌದು ಎಂದೆ, ಪ್ರತಿ ಸಲವೂ ನನಗೆ ಹಿಗ್ಗು ಹೆಚ್ಚಾಯಿತು.

ಸಿರಿಗೇರಿಗೆ ಮರಳಿದವನು ಈ ಬೆಳಗ್ಗೆ, ಸೆರಗಿನ ಇಪ್ಪತ್ತೆಂಟನೆಯ ಗಂಟಿನ ಹೊತ್ತಿಗೆ, ಅವರಿಗೆ ಮೇಷ್ಟ್ರ ಮಾತು ಹೇಳಿದೆ. ಕೇಳಿ ಒಳಗೊಳಗೇ ಸಂತೋಷಪಟ್ಟರು, ಆದರೆ ಸಾಲು ಬಿಡಲಿಲ್ಲ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಒಂದು ಮಾಳಿಗೆ ಮನೆ ಎನ್ನಬಹುದು, ಹಜ್ ಯಾತ್ರೆ ಎನ್ನಬಹುದು ಎಂದುಕೊಂಡಿದ್ದೆ.

“ಮೂವತ್ನಾಕು ಅಂದಿದ್ನಿ, ಮೂವತ್ತಾರು ಬಂತು,” ಎಂದರು. “ಆ ಎರಡು ಎಲ್ಲಿಂದ ಬಂದ್ವು ಅಂತ ತಿಳೀಬೇಕ್ರಿ ಸಾಮಿ.”

ಊರಿಗೆ ಊರೇ ಮೆಚ್ಚಿದ ಮೇಲೆ ಎರಡು ತೆನೆಯ ಚಿಂತೆ ಏಕೆ, ಇಪ್ಪತ್ತು ಸಲ ಮೊರ ಹಾಕಿದರೆ ಅಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದಲ್ಲ ಎಂದೆ. ಅದೂ ಇರಬಹುದು, ಪಡುವಲಿಂದಲೂ ಯಾವುದೋ ಗಾಳಿ ಬರುತ್ತಿರಬಹುದು, ಎಣಿಸದೆ ಹೇಗೆ ಹೇಳುವುದು ಎಂದರು. ಎರಡು ವರ್ಷದಿಂದ ಪಡುವಲ ದಂಡೆಯನ್ನೂ ಎಣಿಸುತ್ತಿದ್ದಾರಂತೆ. ಅಷ್ಟರಲ್ಲಿ ಬಿಸಿಲು ತೆನೆಗಳ ತುದಿ ಮುಟ್ಟಿತು. ಹುಸೇನ್ ಬೀ ಸೆರಗಿಗೆ ಇನ್ನೊಂದು ಗಂಟು ಹಾಕಿ, ನನಗೆ ದಾರಿ ಬಿಡಲು ಹೇಳಿ, ಪಡುವಲ ಕಡೆಯ ಸಾಲಿಗೆ ತಿರುಗಿದರು.