ಪೆಟ್ಟು ತಿಂದು ನಗುವ ನಾಯಕ

ನನ್ನ ಕಾದಂಬರಿಯ ನಾಯಕಿ ಸಿಡಿಮದ್ದು, ನಾಯಕ ತಣ್ಣೀರು. ಆಕೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ, ಅವನು ಪೆಟ್ಟು ತಿಂದು ನಗುತ್ತಾನೆ, ಆ ನಗುವಿಗೇ ಆಕೆ ಸೋಲುತ್ತಾಳೆ. ಈ ಜೋಡಿಗಾಗಿ ನಾನು ದೂರ ಹುಡುಕಲಿಲ್ಲ. ಹೈದರಾಬಾದಿನ ಬಾಲಾನಗರದಲ್ಲಿ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಜಮಾನರಿಗೆ ಬಾಯಿಯೇ ಇಲ್ಲ ಎಂದು ಬೀದರಿನ ಬಳಗವೆಲ್ಲ ಹಾಸ್ಯ ಮಾಡುತ್ತಿತ್ತು. ಎಷ್ಟು ಲೋಟ, ಎಷ್ಟು ಸೌಟು ಅವರ ಮೈಮೇಲೆ ಬಿದ್ದಿದ್ದವೋ! ನಾನು ಅದನ್ನೆಲ್ಲ ಪ್ರೀತಿ ಎಂದೇ ಬರೆದೆ.

ಅವರು ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸದವರು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಆ ಬಿಡಿಭಾಗಕ್ಕೆ ಕೆಂಪು ಗುರುತು ಹಾಕಿ ಪಕ್ಕಕ್ಕಿಡಬೇಕು. ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ನನ್ನ ಹಸ್ತಪ್ರತಿ ಓದಿ ಮುಗಿಸಿ ಅಡುಗೆಮನೆಗೆ ಬಂದರು. ನಾಯಕ ನಗುವ ಪುಟಗಳಿಗೆಲ್ಲ ಕೆಂಪು ಗೀಟು ಬಿದ್ದಿತ್ತು.

"ಇವು ರಿಜೆಕ್ಟ್. ಹೆಣ್ಮಗಳು ಖರೇ ಅದಾಳ, ಗಂಡಸು ಗೊಂಬಿ ಆಗ್ಯಾನ. ಅವನಿಗೆ ನೋವಾಗಂಗಿಲ್ಲೇನು?"

"ಕಬ್ಬಣ ಅಳಿಯೂದು ಬಿಟ್ಟು ನಿಮಗೇನ್ ತಿಳಿತದರಿ?"

"ಕಾದಂಬರಿ ತಿಳಿಯಂಗಿಲ್ಲ. ಪೆಟ್ಟು ತಿಳಿತದ."

ನನ್ನ ಮೈ ಉರಿದುಹೋಯಿತು. ರೊಟ್ಟಿ ಮಗುಚುವ ಕಬ್ಬಿಣದ ಸಟ್ಟುಗ ಕೈಯಲ್ಲೇ ಇತ್ತು, ಬೀಸಿ ಒಗೆದೆ. ಹುಬ್ಬಿನ ಮೇಲೆ ಬಡಿಯಿತು. ಚರ್ಮ ಸೀಳಿ ರಕ್ತ ಕಣ್ಣಿಗಿಳಿದು ಕೈಲಿದ್ದ ಹಾಳೆಗಳ ಮೇಲೆ ಸುರಿಯಿತು. ಅವರು ನಗಲಿಲ್ಲ. ಗೋಡೆ ಹಿಡಿದು ಕುಸಿದು ಕುಳಿತರು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಟವೆಲ್ ಒತ್ತಿಕೊಂಡು ಹೇಳಿದರು: "ಇನ್ನೊಮ್ಮಿ ಕೈ ಎತ್ತಿದಿ ಅಂದ್ರ ನಾ ಈ ಮನ್ಯಾಗ ಇರಂಗಿಲ್ಲ." ಹನ್ನೆರಡು ವರ್ಷದ ಸಂಸಾರದಲ್ಲಿ ಅವರು ಹೀಗೆ ಮಾತಾಡಿದ್ದು ಅದೇ ಮೊದಲು. ನನಗೆ ಭಯವಾಯಿತು. ಈ ಮನುಷ್ಯ ಹೇಳಿದ ಹಾಗೆ ಮಾಡುವವರು.

ಹೊಲಿಗೆ ಹಾಕುತ್ತಿದ್ದ ಡಾಕ್ಟರಮ್ಮ ಹೇಗಾಯಿತೆಂದು ಹಿಂದಿಯಲ್ಲಿ ಕೇಳಿದರು. ಬಾಗಿಲು ಬಡಿಯಿತು ಎಂದು ಯಜಮಾನರು ಶುರುಮಾಡಿದರು. ಯಾವತ್ತೂ ನನ್ನ ಮಾನ ಕಾಯ್ದದ್ದು ಆ ಬಾಗಿಲಿನ ಸುಳ್ಳೇ. ನಾನು ನಡುವೆ ಬಾಯಿ ಹಾಕಿ, "ಮೈನೇ ಮಾರಾ," ನಾನೇ ಹೊಡೆದೆ ಎಂದೆ. ಡಾಕ್ಟರಮ್ಮನ ಕೈ ನಿಂತಿತು. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತರು.

ಕಣ್ಣೊರೆಸೋಣವೆಂದು ಕೈ ಚಾಚಿದೆ. ಅವರು ತಟ್ಟನೆ ಮೊಳಕೈ ಎತ್ತಿ ಮುಖ ಮುಚ್ಚಿಕೊಂಡರು.